ಹಳೇ ಸಿಎನ್‌ಸಿ ಲೇತ್‌ನ ಕೂಲಂಟ್‌ಗೆ ಜೋರು ತರುವುದು ಹೇಗೆ: ಟ್ಯಾಂಕ್‌ನಿಂದ ಟೂಲ್ ತುದಿಯವರೆಗೆ

ತುಮಕೂರಿನ ಅಂತರಸನಹಳ್ಳಿ, ಹಿರೇಹಳ್ಳಿ, ಸತ್ಯಮಂಗಲದ ಕಡೆ ಜಾಬ್ ವರ್ಕ್ ಮಾಡುವ ಶೆಡ್‌ಗಳಲ್ಲಿ ಹಳೇ ಸಿಎನ್‌ಸಿ ಲೇತ್‌ಗಳು (ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಯಂತ್ರಗಳು) ಇವತ್ತಿಗೂ ಚೆನ್ನಾಗಿ ದುಡಿಯುತ್ತಿವೆ. ಪೀಣ್ಯದಲ್ಲಿ ಒಂದು ಕಾಲ ಓಡಿ, ಕೈ ಬದಲಾಗಿ ಇಲ್ಲಿಗೆ ಬಂದವೂ ಅವುಗಳಲ್ಲಿವೆ. ಸ್ಲೈಡ್ ಗಟ್ಟಿ, ಸ್ಪಿಂಡಲ್ ಗಟ್ಟಿ, ಸೈಜ್ ಕೂಡ ಹಿಡಿಯುತ್ತವೆ. ಸೋಲುವುದು ಕೂಲಂಟ್, ಅಂದರೆ ಕತ್ತರಿಸುವ ಜಾಗ ತಂಪು ಮಾಡುವ ಎಣ್ಣೆ ಬೆರೆತ ನೀರಿನ ವಿಷಯದಲ್ಲಿ. ಜಾಬ್‌ನ ಹೊರಮೈ ಕಡೆಯುವ ಓ.ಡಿ. ಟರ್ನಿಂಗ್‌ವರೆಗೆ ಹೇಗೋ ನಡೆಯುತ್ತದೆ. ಸ್ಟೇನ್‌ಲೆಸ್ ಜಾಬ್‌ಗೆ ಪಾರ್ಟಿಂಗ್ (ಕತ್ತರಿಸಿ ಬೇರೆ ಮಾಡುವುದು) ಹಾಕಿದಾಗ ಅಥವಾ ಯು ಡ್ರಿಲ್ (ಇನ್ಸರ್ಟ್ ಕೂರಿಸಿದ ಡ್ರಿಲ್) ಒಳಗೆ ಇಳಿದಾಗ ಚಿಪ್ಸ್ (ಲೋಹದ ಸಿಪ್ಪೆ) ಹೊರಗೆ ಬರುವುದಿಲ್ಲ. ಟೂಲ್‌ಗೆ ಸುತ್ತಿಕೊಳ್ಳುತ್ತದೆ, ಇನ್ಸರ್ಟ್ (ಟೂಲ್ ತುದಿಯ ಬದಲಿಸಬಹುದಾದ ಅಲಗು) ಕೆಂಪಗೆ ಕಾದು ಮುರಿಯುತ್ತದೆ.

ಆಗ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: ಪಂಪ್ ಹೋಗಿದೆ, ದೊಡ್ಡದು ಹಾಕೋಣ. ಹೋಗಿರಬಹುದು, ಇಲ್ಲ ಅಂತಲ್ಲ. ಆದರೆ ಹಳೇ ಲೇತ್‌ನಲ್ಲಿ ಪಂಪ್ ಕೊಟ್ಟ ಒತ್ತಡ ಟೂಲ್ ತುದಿಗೆ ಬರುವಷ್ಟರಲ್ಲಿ ದಾರಿಯಲ್ಲೇ ಸೋರಿ, ಸವೆದು ಹೋಗಿರುವ ಸಂಭವ ಜಾಸ್ತಿ. ಆ ದಾರಿ ಸರಿಮಾಡದೆ ದೊಡ್ಡ ಪಂಪ್ ಕೂರಿಸಿದರೆ ಸೋರಿಕೆ ದೊಡ್ಡದಾಗುತ್ತದೆ, ಅಷ್ಟೇ. ಆದ್ದರಿಂದ ಮೊದಲು ಅಳೆಯಿರಿ, ಆಮೇಲೆ ದಾರಿ ಸರಿಮಾಡಿ, ಕೊನೆಗೆ ಪಂಪ್ ಬಗ್ಗೆ ಯೋಚಿಸಿ. ಈ ಬರಹದ ಹಂತಗಳು ಇದೇ ಕ್ರಮದಲ್ಲಿವೆ.

ಬೇಕಾದ ಸಾಮಾನು ಕಡಿಮೆ. 10 ಲೀಟರ್ ಗುರುತಿರುವ ಬಕೆಟ್, ಮೊಬೈಲ್‌ನ ಸ್ಟಾಪ್‌ವಾಚ್, 0–4 ಬಾರ್ ಪ್ರೆಶರ್ ಗೇಜ್, ಅದಕ್ಕೊಂದು ಟೀ, ಒಂದು ಬಾಲ್ ವಾಲ್ವ್, ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್, ಕೂಲಂಟ್‌ನ ಸಾಂದ್ರತೆ ಅಳೆಯುವ ರಿಫ್ರಾಕ್ಟೋಮೀಟರ್. ಮುಂದೆ ದೊಡ್ಡ ಪಂಪ್ ಹಾಕುವ ಯೋಚನೆ ಇದ್ದರೆ 0–16 ಬಾರ್ ಗೇಜ್ ಕೂಡ ತಂದಿಟ್ಟುಕೊಳ್ಳಿ. ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ಇವೆಲ್ಲ ಸಿಗುತ್ತವೆ.

ಹಂತ 1: ಒತ್ತಡ ಬೇರೆ, ಹರಿವು ಬೇರೆ

ಇದು ತಲೆಗೆ ಹೋಗದಿದ್ದರೆ ಮುಂದಿನದೆಲ್ಲ ಗೊಂದಲ. ಹರಿವು ಅಂದರೆ ನಿಮಿಷಕ್ಕೆ ಎಷ್ಟು ಲೀಟರ್. ಬಿಸಿಯನ್ನು ಎತ್ತಿಕೊಂಡು ಹೋಗುವುದು, ಚಿಪ್ಸ್ ತೊಳೆದು ತಳ್ಳುವುದು ಹರಿವಿನ ಕೆಲಸ. ಒತ್ತಡದಿಂದ ಧಾರೆಗೆ ವೇಗ ಬರುತ್ತದೆ. ಕತ್ತರಿಸುವ ಜಾಗದಲ್ಲಿ ಕೂಲಂಟ್ ಕುದಿದು ಆವಿಯ ಪದರ ಕಟ್ಟುತ್ತದೆ. ಅದನ್ನು ಸೀಳಿಕೊಂಡು ಒಳಗೆ ಹೋಗಲು ಆ ವೇಗ ಬೇಕು.

ನಾಝಲ್‌ನ ಹಿಂದೆ 1 ಬಾರ್ ಇದ್ದರೆ ಧಾರೆ ಸೆಕೆಂಡಿಗೆ ಸುಮಾರು 14 ಮೀಟರ್ ವೇಗದಲ್ಲಿ ಹೊರಡುತ್ತದೆ. 3 ಬಾರ್‌ಗೆ ಸುಮಾರು 24, 10 ಬಾರ್‌ಗೆ ಸುಮಾರು 45 ಮೀಟರ್. ವೇಗ ಎರಡರಷ್ಟು ಆಗಬೇಕಾದರೆ ಒತ್ತಡ ನಾಲ್ಕರಷ್ಟು ಆಗಬೇಕು. ಒಂದೇ ನಾಝಲ್‌ನಲ್ಲಿ ಹರಿವಿಗೂ ಇದೇ ಲೆಕ್ಕ. 4 ಮಿ.ಮೀ. ತೂತಿನಿಂದ 1 ಬಾರ್‌ನಲ್ಲಿ ನಿಮಿಷಕ್ಕೆ ಸುಮಾರು 7–8 ಲೀಟರ್ ಬಂದರೆ, 3 ಬಾರ್‌ನಲ್ಲಿ ಬರುವುದು 13 ಲೀಟರ್ ಆಸುಪಾಸು. ಹೀಗಾಗಿ ಪಂಪಿನ ಮೇಲೆ ಸುಮ್ನೆ ದುಡ್ಡು ಸುರಿದರೆ ನೀವು ಅಂದುಕೊಂಡಷ್ಟು ಹರಿವು ಬರುವುದಿಲ್ಲ.

ಹಂತ 2: ಮೂರು ಕಡೆ ಬಕೆಟ್ ಹಿಡಿಯಿರಿ

ಪಂಪ್‌ನ ಔಟ್‌ಲೆಟ್‌ಗೆ ಟೀ ಹಾಕಿ ಗೇಜ್ ಕೂರಿಸಿ. ಗೇಜ್ ಆದಮೇಲೆ ಬಾಲ್ ವಾಲ್ವ್ ಹಾಕಿ. ಇದನ್ನು ಬಿಚ್ಚಬೇಡಿ, ಶಾಶ್ವತವಾಗಿ ಅಲ್ಲೇ ಇರಲಿ.

ಮೊದಲ ಅಳತೆ ಪಂಪ್ ಬಾಯಲ್ಲಿ. ಮೆಷಿನ್ ಕಡೆ ಹೋಗುವ ಹೋಸ್ ಬಿಚ್ಚಿ, ಬಕೆಟ್‌ಗೆ ಬಿಟ್ಟು, 10 ಲೀಟರ್ ತುಂಬಲು ಎಷ್ಟು ಸೆಕೆಂಡ್ ಬೇಕು ನೋಡಿ. ಎರಡನೆಯದು ಟರೆಟ್ (ಟೂಲ್‌ಗಳನ್ನು ಹಿಡಿದು ತಿರುಗುವ ತಲೆ) ಹತ್ತಿರ, ಹೋಸ್ ಟರೆಟ್‌ನ ಬ್ಲಾಕ್‌ಗೆ ಸೇರುವ ಜಾಗದಲ್ಲಿ. ಮೂರನೆಯದು ಟೂಲ್ ಹೋಲ್ಡರ್‌ನ ನಾಝಲ್‌ನಲ್ಲಿ. ಅಲ್ಲಿ ಬಕೆಟ್ ಹಿಡಿಯಲು ಕಷ್ಟವಾದರೆ ನಾಝಲ್‌ಗೆ ಒಂದು ತುಂಡು ಪಿವಿಸಿ ಟ್ಯೂಬ್ ಸಿಕ್ಕಿಸಿ ಹೊರಗೆ ತನ್ನಿ. ಸ್ಪಿಂಡಲ್ ನಿಂತಿರಲಿ, ಮ್ಯಾನ್ಯುವಲ್ ಮೋಡ್‌ನಲ್ಲಿ ಕೂಲಂಟ್ ಮಾತ್ರ ಆನ್ ಮಾಡಿ. ಕೈ ಒಳಗಿರುವಾಗ ಟರೆಟ್ ತಿರುಗಿಸುವ ಇಂಡೆಕ್ಸ್ ಬಟನ್ ಹತ್ತಿರ ಯಾರೂ ನಿಲ್ಲಬಾರದು.

ಉದಾಹರಣೆಗೆ ಪಂಪ್ ಬಾಯಲ್ಲಿ 20 ಸೆಕೆಂಡ್ ಬಂತು ಅನ್ನೋಣ, ಅಂದರೆ ನಿಮಿಷಕ್ಕೆ 30 ಲೀಟರ್. ಟರೆಟ್ ಹತ್ತಿರ 30 ಸೆಕೆಂಡ್, ಅಂದರೆ 20 ಲೀಟರ್. ನಾಝಲ್‌ನಲ್ಲಿ 100 ಸೆಕೆಂಡ್, ಅಂದರೆ 6 ಲೀಟರ್. ಈ ಮೂರು ಅಂಕಿ ನೋಡಿದರೆ ಪಂಪ್ ಮೇಲೆ ಅನುಮಾನವೇ ಬರುವುದಿಲ್ಲ, ಅಲ್ವಾ? ನಾಝಲ್ ಸಣ್ಣದಾದ್ದರಿಂದ ಅಲ್ಲಿ ಸ್ವಲ್ಪ ಇಳಿಯುವುದು ಸಹಜ. 4 ಮಿ.ಮೀ. ತೂತಿಗೆ 6 ಲೀಟರ್ ಮಾಮೂಲಿ ಇರಬಹುದು. ಆದರೆ 6 ಮಿ.ಮೀ. ತೂತಿನ ನಾಝಲ್ ಇದ್ದೂ 20ರಿಂದ 6ಕ್ಕೆ ಬಿದ್ದಿದೆ ಅಂದರೆ ಟರೆಟ್ ಬ್ಲಾಕ್ ಒಳಗೆ ಏನೋ ಆಗಿದೆ.

ಈಗ ಗೇಜ್ ಪರೀಕ್ಷೆ. ಪಂಪ್ ಓಡುವಾಗ ಬಾಲ್ ವಾಲ್ವ್ ಪೂರ್ತಿ ಮುಚ್ಚಿ, ಕೆಲವೇ ಸೆಕೆಂಡ್ ಗೇಜ್ ನೋಡಿ, ತೆರೆಯಿರಿ. ಇದು ಆ ಪಂಪ್ ಕೊಡಬಹುದಾದ ಅತಿ ಹೆಚ್ಚಿನ ಒತ್ತಡ. ಪಂಪ್ ಪ್ಲೇಟ್ ಮೇಲೆ ಹೆಡ್ ಮೀಟರ್‌ನಲ್ಲಿ ಬರೆದಿದ್ದರೆ, 10 ಮೀಟರ್ ಅಂದರೆ ಸುಮಾರು 1 ಬಾರ್. ಈ ಪರೀಕ್ಷೆ ಇಂಪೆಲ್ಲರ್ (ತಿರುಗುವ ರೆಕ್ಕೆಚಕ್ರ) ಇರುವ ಸೆಂಟ್ರಿಫ್ಯೂಗಲ್ ಪಂಪ್‌ಗೆ ಮಾತ್ರ. ಗೇರ್ ಪಂಪ್, ಸ್ಕ್ರೂ ಪಂಪ್, ಪ್ಲಂಜರ್ ಪಂಪ್ ಬಾಯಿ ಮುಚ್ಚಬೇಡಿ. ರಿಲೀಫ್ ವಾಲ್ವ್ ಕೆಲಸ ಮಾಡದಿದ್ದರೆ ಪೈಪ್ ಸಿಡಿಯುತ್ತದೆ.

ಬಾಯಿ ಮುಚ್ಚಿದಾಗ ಒತ್ತಡ ಪ್ಲೇಟ್‌ನಲ್ಲಿ ಇರುವಷ್ಟು ಬಂದರೆ ಪಂಪ್ ಆರೋಗ್ಯವಾಗಿದೆ. ಬಾರದಿದ್ದರೆ ಉಲ್ಟಾ ತಿರುಗುತ್ತಿರಬಹುದು, ಇಂಪೆಲ್ಲರ್ ಸವೆದಿರಬಹುದು, ಗಾಳಿ ಎಳೆಯುತ್ತಿರಬಹುದು. ಮೆಷಿನ್ ಮಾಮೂಲಿ ಓಡುವಾಗ ಗೇಜ್‌ನಲ್ಲಿ ಒತ್ತಡ ಜಾಸ್ತಿ ಇದ್ದು ನಾಝಲ್‌ನಲ್ಲಿ ಹರಿವು ಕಡಿಮೆ ಇದ್ದರೆ ಮುಂದೆ ಎಲ್ಲೋ ಕಟ್ಟಿಕೊಂಡಿದೆ. ಗೇಜ್‌ನಲ್ಲೂ ಕಡಿಮೆ, ನಾಝಲ್‌ನಲ್ಲೂ ಕಡಿಮೆ ಆಗಿದ್ದು ಪಂಪ್ ಆರೋಗ್ಯವಾಗಿದ್ದರೆ ದಾರಿಯಲ್ಲಿ ದೊಡ್ಡ ಸೋರಿಕೆ ಇದೆ. ಗೇಜ್ ಮುಳ್ಳು ನಡುಗುತ್ತಿದ್ದರೆ ಗಾಳಿ ಸೇರುತ್ತಿದೆ.

ಹಂತ 3: ಪಂಪ್ ಯಾವ ಕಡೆ ತಿರುಗುತ್ತಿದೆ?

ಇದನ್ನು ನೋಡದೆ ಪಂಪ್ ಬದಲಿಸಲು ಹೊರಡುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ, ಯಾಕಂದರೆ ಇದಕ್ಕೆ ಖರ್ಚೇ ಇಲ್ಲ. ಸೆಂಟ್ರಿಫ್ಯೂಗಲ್ ಪಂಪ್ ಉಲ್ಟಾ ತಿರುಗಿದರೂ ನೀರು ಮುಂದಕ್ಕೇ ತಳ್ಳುತ್ತದೆ, ಆದರೆ ಒತ್ತಡ ಕಡಿಮೆ. ಹೀಗಾಗಿ "ಕೂಲಂಟ್ ಬರ್ತಿದೆಯಲ್ಲ" ಅಂದುಕೊಂಡು ಯಾರೂ ಅನುಮಾನ ಪಡುವುದಿಲ್ಲ.

ಸಿಎನ್‌ಸಿಯಲ್ಲಿ ಈ ದೋಷ ಅಡಗಿ ಕೂರಲು ಇನ್ನೊಂದು ಕಾರಣ ಇದೆ. ಡ್ರೈವ್ ಇರುವ ಸ್ಪಿಂಡಲ್ ಮತ್ತು ಸರ್ವೋ ಮೋಟಾರ್‌ಗಳಿಗೆ ಹೊರಗಿನ ಫೇಸ್ ಕ್ರಮ ಬದಲಾದರೂ ತಿರುಗುವ ದಿಕ್ಕು ಬದಲಾಗುವುದಿಲ್ಲ. ಕರೆಂಟ್ ನೇರವಾಗಿ ಹೋಗುವ ಕೂಲಂಟ್ ಪಂಪ್, ಹೈಡ್ರಾಲಿಕ್ ಮೋಟಾರ್, ಚಿಪ್ ಕನ್ವೇಯರ್‌ಗಳಿಗೆ ಮಾತ್ರ ಬದಲಾಗುತ್ತದೆ. ಮೆಷಿನ್ ಶೆಡ್ ಬದಲಾದಾಗ, ಬೆಸ್ಕಾಂ ಲೈನ್ ಕೆಲಸ ಆದಮೇಲೆ, ಜನರೇಟರ್ ಸೇರಿಸಿದಾಗ, ಪಂಪ್ ಮೋಟಾರ್ ರಿವೈಂಡಿಂಗ್ ಆಗಿ ಬಂದಾಗ ಇದು ಆಗುತ್ತದೆ. ಹೈಡ್ರಾಲಿಕ್ ಉಲ್ಟಾ ಆದರೆ ಒತ್ತಡವೇ ಬರದೆ ಅಲಾರಂ ಬರುತ್ತದೆ, ತಕ್ಷಣ ಗೊತ್ತಾಗುತ್ತದೆ. ಕೂಲಂಟ್ ಪಂಪ್‌ಗೆ ಅಲಾರಂ ಇರುವುದು ಅಪರೂಪ.

ಪಂಪ್ ಮೈ ಮೇಲಿನ ಬಾಣದ ಗುರುತು ಹುಡುಕಿ. ಕೊಳೆ ಕೂತಿದ್ದರೆ ಒರೆಸಿ. ಪಂಪ್ ಒಮ್ಮೆ ಆನ್ ಮಾಡಿ ಕೂಡಲೇ ಆಫ್ ಮಾಡಿ, ಮೇಲಿನ ಫ್ಯಾನ್ ನಿಧಾನವಾಗುವಾಗ ಯಾವ ಕಡೆ ತಿರುಗುತ್ತದೆ ನೋಡಿ. ಉಲ್ಟಾ ಇದ್ದರೆ ಮೇನ್ ಸ್ವಿಚ್ ಆಫ್ ಮಾಡಿ, ಬೀಗ ಹಾಕಿ, ಕೀಲಿ ಜೇಬಿನಲ್ಲಿ ಇಟ್ಟುಕೊಂಡು, ಆ ಪಂಪ್‌ನ ಕಾಂಟ್ಯಾಕ್ಟರ್‌ನಿಂದ (ಮೋಟಾರ್‌ಗೆ ಕರೆಂಟ್ ಕೊಡುವ ಸ್ವಿಚ್) ಹೊರಗೆ ಹೋಗುವ ಮೂರು ವೈರ್‌ಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ. ಮೆಷಿನ್‌ನ ಒಳಬರುವ ಮೇನ್ ಲೈನ್ ಮುಟ್ಟಬೇಡಿ. ಅದು ಮುಟ್ಟಿದರೆ ಸರಿಯಾಗಿ ತಿರುಗುತ್ತಿರುವ ಹೈಡ್ರಾಲಿಕ್ ಮೋಟಾರ್ ಉಲ್ಟಾ ಆಗುತ್ತದೆ.

ಇದೇ ಹೊತ್ತಿಗೆ ಕ್ಲಾಂಪ್ ಮೀಟರ್ ಹಾಕಿ ಮೂರೂ ಫೇಸ್‌ನ ಆಂಪಿಯರ್ ನೋಡಿ. ಮೂರೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದರಲ್ಲಿ ಸೊನ್ನೆ ಇದ್ದರೆ ಕಾಂಟ್ಯಾಕ್ಟರ್ ಪಾಯಿಂಟ್ ಸುಟ್ಟಿರಬಹುದು. ಮೋಟಾರ್ ಗುಂಯ್ ಅನ್ನುತ್ತಾ ಬಿಸಿಯಾಗಿ ಸುಟ್ಟುಹೋಗುವ ಮೊದಲು ಸರಿಮಾಡಿ.

ಜಪಾನ್ ಅಥವಾ ತೈವಾನ್‌ನಿಂದ ಬಂದ ಸೆಕೆಂಡ್‌ಹ್ಯಾಂಡ್ ಮೆಷಿನ್ ಆಗಿದ್ದರೆ ನೇಮ್ ಪ್ಲೇಟ್‌ನಲ್ಲಿ ಹರ್ಟ್ಸ್ ನೋಡಿ. 60 ಹರ್ಟ್ಸ್‌ಗೆ ಮಾಡಿದ ಪಂಪ್ ನಮ್ಮ 50 ಹರ್ಟ್ಸ್‌ನಲ್ಲಿ ಓಡಿದರೆ ವೇಗ ಸುಮಾರು 83 ಶೇಕಡಾಕ್ಕೆ ಇಳಿಯುತ್ತದೆ. ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ 69 ಶೇಕಡಾ ಮಾತ್ರ ಉಳಿಯುತ್ತದೆ. ಜನರೇಟರ್ 48 ಹರ್ಟ್ಸ್‌ಗೆ ಇಳಿದಾಗಲೂ 8 ಶೇಕಡಾ ಒತ್ತಡ ಹೋಗುತ್ತದೆ.

ಹಂತ 4: ಟ್ಯಾಂಕ್ ಖಾಲಿ ಮಾಡಿ

ಮೇಲಿನಿಂದ ಜಾಲರಿ ತೊಳೆದರೆ ಸಾಲದು. ಹಳೇ ಟ್ಯಾಂಕ್ ತಳದಲ್ಲಿ ಬೀಡಿನ (ಕ್ಯಾಸ್ಟ್ ಐರನ್) ಪುಡಿ, ಸಣ್ಣ ಚಿಪ್ಸ್, ಎಣ್ಣೆ ಸೇರಿ ಗಟ್ಟಿ ಕೆಸರಾಗಿ ಕೂತಿರುತ್ತದೆ. ಪಂಪ್‌ನ ತಳದ ಜಾಲರಿ ಆ ಕೆಸರಿನಲ್ಲಿ ಹೂತುಹೋಗಿರುತ್ತದೆ. ಕೂಲಂಟ್ ಹೊರಗೆ ತೆಗೆದು, ಕೆಸರು ಬಾಚಿ, ಟ್ಯಾಂಕ್ ತೊಳೆದು, ಮೆಷಿನ್ ಕ್ಲೀನರ್ ಹಾಕಿದ ನೀರನ್ನು ಪೈಪ್‌ಗಳಲ್ಲೂ ಸ್ವಲ್ಪ ಹೊತ್ತು ಸುತ್ತಿಸಿ. ಗ್ಲೌಸ್ ಹಾಕಿಕೊಳ್ಳಿ. ಕೊಳೆತ ಮೊಟ್ಟೆ ವಾಸನೆ ಬಂದರೆ ಅದು ಬ್ಯಾಕ್ಟೀರಿಯಾ ಮಾಡಿದ ಹೈಡ್ರೋಜನ್ ಸಲ್ಫೈಡ್. ಶೆಡ್ ಬಾಗಿಲು ತೆರೆದಿಟ್ಟು ಕೆಲಸ ಮಾಡಿ.

ತೆಗೆದ ಹಳೇ ಕೂಲಂಟ್ ಚರಂಡಿಗೆ ಬಿಡಬೇಡಿ. ಅದು ಅಪಾಯಕಾರಿ ತ್ಯಾಜ್ಯ. ಡ್ರಮ್‌ನಲ್ಲಿ ತುಂಬಿಟ್ಟು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಕೊಡಿ. ಕುಡಿಯುವ ನೀರಿಗೆ ನೂರಾರು ಅಡಿ ಬೋರ್ ಕೊರೆಯುವ ಊರು ನಮ್ಮದು.

ಪಂಪ್ ಹೊರಗೆ ಇರುವಾಗಲೇ ತಳದ ಕವರ್ ಬಿಚ್ಚಿ ಇಂಪೆಲ್ಲರ್ ನೋಡಿ. ರೆಕ್ಕೆಗಳ ತುದಿ ಸವೆದು ದುಂಡಗಾಗಿದ್ದರೆ, ಕವರ್ ಒಳಮೈಯಲ್ಲಿ ಗೀರುಬಿದ್ದು ಸಂದು ದೊಡ್ಡದಾಗಿದ್ದರೆ ಒತ್ತಡ ಬರುವುದಿಲ್ಲ. ಇಂಪೆಲ್ಲರ್ ಮಾತ್ರ ಬದಲಿಸಿದರೆ ಸಾಕಾಗಬಹುದು. ವಾಪಸ್ ಕೂರಿಸುವಾಗ ಪಂಪ್ ತಳಕ್ಕೂ ಟ್ಯಾಂಕ್ ತಳಕ್ಕೂ ಮಧ್ಯೆ 30–40 ಮಿ.ಮೀ. ಬಿಡಿ. ಲೆವೆಲ್ ಕಡಿಮೆಯಾದರೆ ಸುಳಿ ಎದ್ದು ಗಾಳಿ ಎಳೆಯುತ್ತದೆ. ಅದಕ್ಕೇ ಟ್ಯಾಂಕ್ ಮೇಲೆ ಕನಿಷ್ಠ ಮಟ್ಟದ ಗೆರೆಯೊಂದನ್ನು ಪೇಂಟ್‌ನಲ್ಲಿ ಎಳೆದಿಡಿ.

ಚಿಪ್ ಟ್ರೇಯಿಂದ ಕೂಲಂಟ್ ವಾಪಸ್ ಬರುವ ಜಾಗದಲ್ಲಿ ತೂತಿನ ಶೀಟ್ ಒಂದೇ ಇದ್ದರೆ ಸಾಲದು. ದಪ್ಪ ಜಾಲರಿ, ಆಮೇಲೆ ಸಣ್ಣ ಜಾಲರಿ, ಆಮೇಲೆ ಒಂದು ಅಡ್ಡ ತಗಡು. ಕೂಲಂಟ್ ತಗಡಿನ ಮೇಲಿಂದ ಉಕ್ಕಿ ಪಂಪ್ ಇರುವ ಭಾಗಕ್ಕೆ ಹೋಗಲಿ, ಗಸಿ ಈ ಕಡೆಯೇ ಉಳಿಯುತ್ತದೆ. ಬೀಡಿನ ಜಾಬ್ ಜಾಸ್ತಿ ಇದ್ದರೆ ದಾರಿಯಲ್ಲಿ ಮ್ಯಾಗ್ನೆಟ್ ಇಡಿ.

ಹಂತ 5: ನಮ್ಮ ನೀರಿನ ವಿಷಯ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಹೆಚ್ಚಾಗಿ ಬೋರ್‌ವೆಲ್ ನೀರೇ ಗತಿ, ಅದು ಗಡಸು. ಗಡಸು ನೀರಿನ ಕ್ಯಾಲ್ಸಿಯಂ ಕೂಲಂಟ್ ಎಣ್ಣೆಯ ಸೋಪಿನ ಅಂಶದ ಜೊತೆ ಸೇರಿ ಅಂಟು ಕೆನೆ ಕಟ್ಟುತ್ತದೆ. ಈ ಕೆನೆ ಜಾಲರಿ, ಪೈಪ್, ನಾಝಲ್ ಒಳಗೆ ಪದರ ಪದರವಾಗಿ ಕೂರುತ್ತದೆ. ಹರಿವು ದಿನದಿಂದ ದಿನಕ್ಕೆ ಗೊತ್ತಾಗದಂತೆ ಇಳಿಯಲು ಇದೊಂದು ದೊಡ್ಡ ಕಾರಣ.

ಗಡಸುತನ 200 ಪಿಪಿಎಂ ದಾಟಿದರೆ ಬೇರೆ ನೀರು ನೋಡಿ. ಟಿಡಿಎಸ್ ಮೀಟರ್ ಗಡಸುತನ ಹೇಳುವುದಿಲ್ಲ, ಅದಕ್ಕೆ ಹನಿ ಹಾಕಿ ನೋಡುವ ಕಿಟ್ ಬೇಕು. ಪೂರ್ತಿ ಆರ್‌ಒ ನೀರಿನಲ್ಲಿ ಕೆಲವು ಕೂಲಂಟ್ ನೊರೆ ಜಾಸ್ತಿ ಕೊಡುತ್ತವೆ. ಆದ್ದರಿಂದ ಮೊದಲ ಭರ್ತಿಗೆ ಆರ್‌ಒ ನೀರಿಗೆ ಸ್ವಲ್ಪ ಬೋರ್ ನೀರು ಬೆರೆಸಿ, 100ರಿಂದ 150 ಪಿಪಿಎಂ ಸಿಗುವಂತೆ ನೋಡಿಕೊಳ್ಳಿ. ಆಮೇಲೆ ದಿನಾ ತುಂಬಿಸುವುದಕ್ಕೆ ಆರ್‌ಒ ನೀರನ್ನೇ ಬಳಸಿ. ಯಾಕಂದರೆ ಟ್ಯಾಂಕ್‌ನಿಂದ ನೀರು ಮಾತ್ರ ಆರಿಹೋಗುತ್ತದೆ, ಅದರ ಲವಣ ಅಲ್ಲೇ ಉಳಿಯುತ್ತದೆ. ಬೋರ್ ನೀರನ್ನೇ ಸುರಿಯುತ್ತಾ ಹೋದರೆ ಗಡಸುತನ ವಾರದಿಂದ ವಾರಕ್ಕೆ ಏರುತ್ತದೆ.

ನೀರಿಗೆ ಎಣ್ಣೆ ಹಾಕಿ ಕಲಸಿ, ಎಣ್ಣೆಗೆ ನೀರು ಹಾಕಬೇಡಿ. ಮಾಮೂಲಿ ಟರ್ನಿಂಗ್‌ಗೆ 5ರಿಂದ 8 ಶೇಕಡಾ ಸಾಂದ್ರತೆ ಸಾಕು. ರಿಫ್ರಾಕ್ಟೋಮೀಟರ್ ತೋರಿಸಿದ್ದನ್ನು ಕೂಲಂಟ್ ಡಬ್ಬದ ಮೇಲಿನ ಫ್ಯಾಕ್ಟರ್‌ನಿಂದ ಗುಣಿಸಿ. ಫ್ಯಾಕ್ಟರ್ 1.5 ಇದ್ದು ಮೀಟರ್ 4 ತೋರಿಸಿದರೆ ನಿಮ್ಮದು 6 ಶೇಕಡಾ. ಮೇಲೆ ತೇಲುವ ಸ್ಲೈಡ್‌ವೇ ಎಣ್ಣೆಯನ್ನು ಸ್ಕಿಮ್ಮರ್‌ನಿಂದ ತೆಗೆಯಿರಿ.

ಹಂತ 6: ಹೋಸ್ ಮತ್ತು ಟರೆಟ್ ಬ್ಲಾಕ್

ಒತ್ತಡ ಕಳೆದುಹೋಗುವ ಮುಖ್ಯ ಜಾಗ ಇದು. ನಿಮಿಷಕ್ಕೆ 30 ಲೀಟರ್ ಹರಿಯುವಾಗ ಅರ್ಧ ಇಂಚು ಹೋಸ್ ಒಂದೊಂದು ಮೀಟರ್‌ಗೂ ಸುಮಾರು 0.15 ಬಾರ್ ತಿನ್ನುತ್ತದೆ. ಮುಕ್ಕಾಲು ಇಂಚಿನದು ತಿನ್ನುವುದು 0.02 ಬಾರ್ ಮಾತ್ರ. 4 ಮೀಟರ್ ಹೋಸ್ ಇದ್ದರೆ 0.6 ಬಾರ್ ಎಲ್ಲಿ, 0.08 ಎಲ್ಲಿ! ಒಟ್ಟು 1.2 ಬಾರ್ ಕೊಡುವ ಹಳೇ ಪಂಪ್‌ಗೆ ಇದು ಅರ್ಧ ಆಯಸ್ಸು. ಹೋಸ್ ಬದಲಿಸುವಾಗ ನಿಪ್ಪಲ್, ಎಲ್ಬೋ, ವಾಲ್ವ್‌ಗಳ ಒಳತೂತು ಕೂಡ ನೋಡಿ. ಮುಕ್ಕಾಲು ಇಂಚು ಹೋಸ್ ಹಾಕಿ ಮಧ್ಯದಲ್ಲಿ 8 ಮಿ.ಮೀ. ತೂತಿನ ನಿಪ್ಪಲ್ ಬಿಟ್ಟರೆ ಖರ್ಚು ದಂಡ. ಬಾಲ್ ವಾಲ್ವ್ ಫುಲ್ ಬೋರ್‌ನದೇ ಕೇಳಿ ತನ್ನಿ.

ಹಳೇ ಹೋಸ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಪದರ ಉಬ್ಬಿ, ಕಿತ್ತು, ದಾರಿಗೆ ಅಡ್ಡ ನಿಂತಿರಬಹುದು. ತುದಿ ಕತ್ತರಿಸಿ ಒಳಗೆ ಟಾರ್ಚ್ ಬಿಡಿ. ಸ್ಲೈಡ್ ಜೊತೆ ಓಡಾಡುವ ಕೇಬಲ್ ಚೈನ್ ಒಳಗೆ ಹೋಸ್ ಮಡಿಸಿಕೊಂಡು ಅಪ್ಪಚ್ಚಿಯಾಗಿದೆಯಾ ನೋಡಿ, ಎಕ್ಸ್ ಮತ್ತು ಝಡ್ ಎರಡೂ ತುದಿಗೆ ಸ್ಲೈಡ್ ಓಡಿಸಿ ನೋಡಿ. ಎಣ್ಣೆ ತಡೆಯುವ ನೈಟ್ರೈಲ್ ರಬ್ಬರ್ ಹೋಸ್ ತನ್ನಿ. ತೋಟದ ಪಿವಿಸಿ ಪೈಪ್ ಕೂಲಂಟ್‌ನಲ್ಲಿ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಒನ್ ವೇ ವಾಲ್ವ್ ಇದ್ದರೆ ಬಿಚ್ಚಿ ತೊಳೆಯಿರಿ. ಅದರಲ್ಲಿ ಒಂದು ಸುರುಳಿ ಚಿಪ್ ಸಿಕ್ಕಿಕೊಂಡರೂ ಅರ್ಧ ದಾರಿ ಮುಚ್ಚುತ್ತದೆ.

ಈಗ ಟರೆಟ್. ಹೋಸ್ ಬಂದು ಸೇರುವುದು ತಿರುಗದ ಒಂದು ಬ್ಲಾಕ್‌ಗೆ. ಅಲ್ಲಿಂದ ಸ್ಪ್ರಿಂಗ್ ಒತ್ತಿ ಹಿಡಿದ ಒಂದು ಬುಶ್ ಮೂಲಕ ಕೂಲಂಟ್ ತಿರುಗುವ ಡಿಸ್ಕ್‌ನ ತೂತಿಗೆ ದಾಟುತ್ತದೆ. ಕೆಲಸಕ್ಕೆ ಬಂದಿರುವ ಸ್ಟೇಷನ್‌ಗೆ (ಡಿಸ್ಕ್‌ನಲ್ಲಿ ಟೂಲ್ ಕೂರುವ ಜಾಗ) ಮಾತ್ರ ಕೂಲಂಟ್ ಸಿಗುವುದು ಹೀಗೆ. ವರ್ಷಗಟ್ಟಲೆ ಇಂಡೆಕ್ಸ್ ಆಗಿ ಆಗಿ ಈ ಬುಶ್‌ನ ಮುಖ ಸವೆಯುತ್ತದೆ, ಓ ರಿಂಗ್ ಗಟ್ಟಿಯಾಗುತ್ತದೆ, ಸ್ಪ್ರಿಂಗ್ ಸೋಲುತ್ತದೆ. ಕೂಲಂಟ್ ಟೂಲ್‌ಗೆ ಹೋಗುವ ಬದಲು ಡಿಸ್ಕ್ ಹಿಂದೆ ಸೋರುತ್ತದೆ. ಎಲ್ಲಾ ಕಡೆ ಒದ್ದೆ ಇರುವುದರಿಂದ ಈ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ. ನಾಝಲ್‌ಗಳನ್ನು ಮುಚ್ಚಿ ಪಂಪ್ ಓಡಿಸಿ, ಡಿಸ್ಕ್ ಹಿಂದೆ ಟಾರ್ಚ್ ಬಿಟ್ಟು ನೋಡಿದರೆ ಗೊತ್ತಾಗುತ್ತದೆ.

ಬುಶ್ ಸಿಗದಿದ್ದರೆ ನಿಮ್ಮ ಲೇತ್‌ನಲ್ಲೇ ಮಾಡಿಕೊಳ್ಳಬಹುದು. ಹಳೆಯದರ ಅಳತೆ ತೆಗೆದು ಟೆಫ್ಲಾನ್ ಅಥವಾ ಅಸಿಟಾಲ್ ರಾಡ್‌ನಲ್ಲಿ ತಿರುಗಿಸಿ, ಮುಖ ಚಪ್ಪಟೆಯಾಗಿ ನಯವಾಗಿ ಇರಲಿ, ಅಂಚಿಗೆ ಸಣ್ಣ ಚಾಂಫರ್ ಕೊಡಿ. ಡಿಸ್ಕ್ ಬಿಚ್ಚುವ ಅಗತ್ಯ ಬಂದರೆ ಅನುಭವಸ್ಥ ಮೆಷಿನ್ ಫಿಟ್ಟರ್ ಕರೆಸಿ. ಟರೆಟ್ ಅಲೈನ್‌ಮೆಂಟ್ ಹೋದರೆ ಕೂಲಂಟ್ ಸಮಸ್ಯೆಗಿಂತ ದೊಡ್ಡ ತಲೆನೋವು.

ಟೂಲ್ ಹೋಲ್ಡರ್‌ನ ಒಳದಾರಿಯನ್ನೂ ತಂತಿ ಹಾಕಿ ಬಿಡಿಸಿ. ಬಳಸದ ನಾಝಲ್ ತೂತುಗಳಿಗೆ ಗ್ರಬ್ ಸ್ಕ್ರೂ ಹಾಕಿ ಮುಚ್ಚಿ.

ಹಂತ 7: ನಾಝಲ್

ನಾಝಲ್ ಸಣ್ಣ ಮಾಡಿದರೆ ಒತ್ತಡ ಏರುತ್ತದೆ ಅನ್ನುವುದು ಅರ್ಧ ಸತ್ಯ. ನಾಝಲ್ ಸಣ್ಣದಾದಾಗ ಹರಿವು ಇಳಿಯುತ್ತದೆ, ಹರಿವು ಇಳಿದಾಗ ಪೈಪ್ ತಿನ್ನುವ ಒತ್ತಡ ಕಡಿಮೆಯಾಗುತ್ತದೆ, ಉಳಿದದ್ದು ನಾಝಲ್‌ಗೆ ಸಿಗುತ್ತದೆ. ಆದರೆ ಬಾಯಿ ಮುಚ್ಚಿದಾಗ ಗೇಜ್‌ನಲ್ಲಿ ಕಂಡ ಒತ್ತಡಕ್ಕಿಂತ ಮೇಲೆ ಎಂದಿಗೂ ಹೋಗುವುದಿಲ್ಲ. 1.2 ಬಾರ್ ಪಂಪ್‌ಗೆ 2 ಮಿ.ಮೀ. ನಾಝಲ್ ಹಾಕಿದರೆ ಹರಿವು ಕಳೆದುಕೊಂಡು ಬೇಗ ಕಟ್ಟಿಕೊಳ್ಳುವ ತೂತು ಮಾತ್ರ ಉಳಿಯುತ್ತದೆ. ಇಂಥ ಪಂಪ್‌ಗೆ 4ರಿಂದ 6 ಮಿ.ಮೀ. ಸರಿ. 5 ಬಾರ್ ದಾಟಿದರೆ 2.5ರಿಂದ 3 ಮಿ.ಮೀ.ಗೆ ಬನ್ನಿ.

ಧಾರೆ ಜಾಬ್ ಮೇಲೆ ಎಲ್ಲೋ ಬೀಳುವುದಲ್ಲ. ಚಿಪ್ ಇನ್ಸರ್ಟ್‌ನಿಂದ ಏಳುವ ಜಾಗಕ್ಕೆ, ಚಿಪ್‌ಗೂ ಇನ್ಸರ್ಟ್ ಮೇಲ್ಮೈಗೂ ಮಧ್ಯೆ ಗುರಿ ಇಡಿ. ನಾಝಲ್ ತುದಿ ಆದಷ್ಟು ಹತ್ತಿರ ಇರಲಿ, 20–30 ಮಿ.ಮೀ. ಸಿಕ್ಕರೆ ಒಳ್ಳೆಯದು. ತಾಮ್ರದ ಪೈಪ್ ಬಗ್ಗಿಸಿ ಮಾಡಿದ ನಾಝಲ್ ಅಗ್ಗ, ಗಟ್ಟಿ. ಗೆಣ್ಣು ಗೆಣ್ಣಾಗಿ ಸೇರಿಸುವ ಪ್ಲಾಸ್ಟಿಕ್ ನಾಝಲ್ 2–3 ಬಾರ್ ಹತ್ತಿರ ಬಂದರೆ ಕಳಚಿಕೊಳ್ಳುತ್ತದೆ. ಪಾರ್ಟಿಂಗ್‌ಗೆ ಬ್ಲೇಡ್ ಒಳಗಿಂದಲೇ ಕೂಲಂಟ್ ಬರುವ ಹೋಲ್ಡರ್ ಹಾಕಿದರೆ ಇರುವ ಪಂಪ್‌ನಲ್ಲೇ ವ್ಯತ್ಯಾಸ ಕಾಣುತ್ತದೆ. ದುಡ್ಡು ಖರ್ಚು ಮಾಡುವ ಮನಸ್ಸಿದ್ದರೆ ಮೊದಲು ಇಲ್ಲಿ ಮಾಡಿ.

ಇಷ್ಟಾದ ಮೇಲೆ ಮತ್ತೆ ಬಕೆಟ್ ಹಿಡಿಯಿರಿ. ಹರಿವು ಸಾಕಾಗುವಷ್ಟು ಬಂದಿದ್ದರೆ ಮುಂದಿನ ಖರ್ಚು ಬೇಡ.

ಹಂತ 8: ಪಂಪ್ ದೊಡ್ಡದು ಮಾಡಲೇಬೇಕಾದರೆ

ಯು ಡ್ರಿಲ್, ಆಳವಾದ ಗ್ರೂವ್, ಸ್ಟೇನ್‌ಲೆಸ್ ಬೋರಿಂಗ್ ದಿನಾ ಇದ್ದರೆ 1 ಬಾರ್ ಪಂಪ್ ಸಾಲದು. ಡ್ರಿಲ್ ಕ್ಯಾಟಲಾಗ್‌ನಲ್ಲಿ ಆ ವ್ಯಾಸಕ್ಕೆ ಎಷ್ಟು ಲೀಟರ್, ಎಷ್ಟು ಬಾರ್ ಬೇಕು ಅಂತ ಇರುತ್ತದೆ, ಅದನ್ನೇ ಗುರಿ ಮಾಡಿಕೊಳ್ಳಿ. ಹಳೇ ಲೇತ್‌ಗೆ ನನ್ನ ಸಲಹೆ 5ರಿಂದ 8 ಬಾರ್. ಹಲವು ಹಂತದ ಇಂಪೆಲ್ಲರ್ ಇರುವ, ಟ್ಯಾಂಕ್‌ನಲ್ಲಿ ನೇರ ನಿಲ್ಲುವ ಮಲ್ಟಿಸ್ಟೇಜ್ ಪಂಪ್ ಇದನ್ನು ಆರಾಮಾಗಿ ಕೊಡುತ್ತದೆ. 70 ಬಾರ್ ಆಸೆ ಹಳೇ ಟರೆಟ್‌ಗೆ ಬೇಡ. ಅದರ ಸೀಲ್ ಅಷ್ಟಕ್ಕೆ ಮಾಡಿದ್ದಲ್ಲ. ಕೂಲಂಟ್ ಟರೆಟ್ ಗೇರ್ ಒಳಗೆ ನುಗ್ಗಿದರೆ ಪಂಪ್‌ಗಿಂತ ದೊಡ್ಡ ಖರ್ಚು ಬರುತ್ತದೆ. ಮೆಷಿನ್ ಮಾಡಿದವರನ್ನು ಟರೆಟ್ ಎಷ್ಟು ಬಾರ್ ತಡೆಯುತ್ತದೆ ಅಂತ ಕೇಳಿಯೇ ಪಂಪ್ ಆರಿಸಿ.

ಮೋಟಾರ್ ಲೆಕ್ಕ ಸುಲಭ. ನಿಮಿಷದ ಲೀಟರನ್ನು ಬಾರ್‌ನಿಂದ ಗುಣಿಸಿ 600ರಿಂದ ಭಾಗಿಸಿದರೆ ಕಿಲೋವ್ಯಾಟ್. 30 ಲೀಟರ್, 5 ಬಾರ್ ಅಂದರೆ 0.25 ಕಿಲೋವ್ಯಾಟ್. ಸಣ್ಣ ಪಂಪ್‌ನ ದಕ್ಷತೆ 40 ಶೇಕಡಾ ಅಂತ ಹಿಡಿದರೆ 0.63. ಅಂದರೆ 1 ಎಚ್‌ಪಿ ಮೋಟಾರ್. ಅಂಗಡಿಯಲ್ಲಿ "ಗರಿಷ್ಠ ಹೆಡ್ ಇಷ್ಟು, ಗರಿಷ್ಠ ಹರಿವು ಇಷ್ಟು" ಅನ್ನುತ್ತಾರೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಪಂಪ್‌ನ ಗ್ರಾಫ್ ಕೇಳಿ, ನಿಮಗೆ ಬೇಕಾದ ಬಾರ್‌ನಲ್ಲಿ ಎಷ್ಟು ಲೀಟರ್ ಬರುತ್ತದೆ ನೋಡಿ. ಪಂಪ್ ಕಾಂಡದ ಉದ್ದ ಟ್ಯಾಂಕ್ ಆಳಕ್ಕೆ ಹೊಂದಬೇಕು. ಬೋಲ್ಟ್ ತೂತು ಹೊಂದದಿದ್ದರೆ 8 ಮಿ.ಮೀ. ಪ್ಲೇಟ್‌ನಲ್ಲಿ ಅಡಾಪ್ಟರ್ ಮಾಡಿ.

ಹಳೇ ಪಂಪ್ ತೆಗೆಯಬೇಡಿ. ಅದನ್ನು ಬೆಡ್ ತೊಳೆಯಲು, ಚಕ್ ಕಡೆ ಸುಮ್ನೆ ಸುರಿಯಲು ಬಿಡಿ. ಹೊಸದು ಟರೆಟ್‌ಗೆ ಮಾತ್ರ ಹೋಗಲಿ. ಎರಡಕ್ಕೂ ಕೂಲಂಟ್ ಆನ್ ಮಾಡುವ ಎಂ08 ಕೋಡ್ ಒಂದೇ ಸಾಕು.

ಕಾರ್ ತೊಳೆಯುವ ಪ್ರೆಶರ್ ಪಂಪ್ ಕಟ್ಟುವವರಿದ್ದಾರೆ. ಎರಡು ಶಿಫ್ಟ್ ಓಡುವ ಮೆಷಿನ್‌ಗೆ ಅದು ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಅದರ ಸೀಲ್‌ಗಳಿಗೆ ಶುದ್ಧ ನೀರು ಬೇಕು, ಬೀಡಿನ ಪುಡಿ ಹೋದರೆ ಬೇಗ ಸವೆಯುತ್ತವೆ.

ಹಂತ 9: ಕರೆಂಟ್ ಕೆಲಸ

ಇದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. 415 ವೋಲ್ಟ್‌ನಲ್ಲಿ 1 ಎಚ್‌ಪಿ ಮೋಟಾರ್ ಸುಮಾರು 1.8 ಆಂಪಿಯರ್ ಎಳೆಯುತ್ತದೆ. ಹಳೇ ಓವರ್‌ಲೋಡ್ ರಿಲೇ 0.6ಕ್ಕೆ ಇದ್ದರೆ ಆನ್ ಮಾಡಿದ ಸ್ವಲ್ಪ ಹೊತ್ತಿಗೇ ಬೀಳುತ್ತದೆ (ಟ್ರಿಪ್ ಆಗುತ್ತದೆ). ಆ ರಿಲೇ ಬೈಪಾಸ್ ಮಾಡಬೇಡಿ. ಪ್ಲೇಟ್ ಮೇಲಿನ ಆಂಪಿಯರ್‌ಗೆ ಹೊಂದುವ ಹೊಸ ರಿಲೇ ಹಾಕಿ. ಹೊಸ ಪಂಪ್‌ಗೆ ಬೇರೆ ಕಾಂಟ್ಯಾಕ್ಟರ್ ಕೊಟ್ಟು, ಅದರ ಕಾಯಿಲ್ ಅನ್ನು ಹಳೇ ಪಂಪ್‌ನ ಕಾಂಟ್ಯಾಕ್ಟರ್ ಕಾಯಿಲ್ ಜೊತೆ ಸೇರಿಸಿದರೆ ಮೆಷಿನ್ ಒಳಗಿನ ನಿಯಂತ್ರಣದ ಲ್ಯಾಡರ್ ಪ್ರೋಗ್ರಾಂ ಮುಟ್ಟುವ ಕೆಲಸ ಇಲ್ಲ. ಎರಡೂ ಕಾಯಿಲ್ ಒಂದೇ ವೋಲ್ಟ್‌ನವು ಇರಲಿ, ಹಿಂದಿನ ರಿಲೇ ಆ ಭಾರ ತಡೆಯುತ್ತದೆಯಾ ನೋಡಿ.

ಆಮದು ಮೆಷಿನ್‌ಗಳಲ್ಲಿ ಹಳೇ ಪಂಪ್ 200 ವೋಲ್ಟ್‌ನದಾಗಿದ್ದು, ಟ್ರಾನ್ಸ್‌ಫಾರ್ಮರ್ ಆದಮೇಲಿನ ಲೈನ್‌ನಿಂದ ಓಡುತ್ತಿರಬಹುದು. ಅಲ್ಲಿಗೆ 415 ವೋಲ್ಟ್ ಪಂಪ್ ಕೊಟ್ಟರೆ ಅದು ಸರಿಯಾಗಿ ಏಳುವುದಿಲ್ಲ. ಟ್ರಾನ್ಸ್‌ಫಾರ್ಮರ್‌ಗೆ ಮೊದಲಿನ ಲೈನ್‌ನಿಂದ, ಬೇರೆ ಬ್ರೇಕರ್ ಹಾಕಿ ಎಳೆಯಿರಿ. ಅರ್ತ್ ವೈರ್ ಬಿಡಬೇಡಿ, ಕೂಲಂಟ್ ಟ್ಯಾಂಕ್ ಮೇಲೆ ನಿಂತ ಮೋಟಾರ್ ಅದು.

ಹಂತ 10: ಹೊಸ ಜೋರಿಗೆ ಮೆಷಿನ್ ಸಿದ್ಧವಾ?

ಜಾಸ್ತಿ ಕೂಲಂಟ್ ಹೋದರೆ ಜಾಸ್ತಿ ವಾಪಸ್ ಬರಬೇಕು. ಟ್ರೇಯ ಡ್ರೈನ್ ಸಣ್ಣದಿದ್ದರೆ ನೆಲದ ಮೇಲೆ ಉಕ್ಕುತ್ತದೆ. ಟ್ಯಾಂಕ್‌ನಲ್ಲಿ ನಿಮಿಷದ ಹರಿವಿನ 5 ಪಟ್ಟಾದರೂ ಕೂಲಂಟ್ ಇರಲಿ, 10 ಪಟ್ಟು ಇದ್ದರೆ ಗಸಿ ಇಳಿಯಲು, ನೊರೆ ಒಡೆಯಲು, ಬಿಸಿ ಆರಲು ಸಮಯ ಸಿಗುತ್ತದೆ. ಬಾಗಿಲಿನ ರಬ್ಬರ್, ಕಿಟಕಿಯ ಅಂಚು ಹೊಸದು ಮಾಡಿ. ಹಳದಿಯಾಗಿ ಬಿರುಕುಬಿಟ್ಟ ಪಾಲಿಕಾರ್ಬೊನೇಟ್ ಗಾಜು ಬದಲಿಸಿ. ಬಾಗಿಲು ತೆರೆದಾಗ ಕೂಲಂಟ್ ನಿಲ್ಲುವ ಸ್ವಿಚ್ ಯಾರಾದರೂ ತಂತಿ ಕಟ್ಟಿ ಬಿಟ್ಟಿದ್ದರೆ ಸರಿಮಾಡಿ. 5 ಬಾರ್ ಧಾರೆ ಕಣ್ಣಿಗೆ ಬಿದ್ದರೆ ಆಟವಲ್ಲ.

ಧಾರೆ ಚಕ್ ಹಿಂದಿನ ಸಂದಿಗೆ, ಅಂದರೆ ಸ್ಪಿಂಡಲ್ ಮೂಗಿನ ಕಡೆಗೆ ನೇರ ಬೀಳದಂತೆ ನಾಝಲ್ ತಿರುಗಿಸಿ. ಅಲ್ಲಿನ ಸೀಲ್ ಎರಚಲು ತಡೆಯುತ್ತದೆ, ಧಾರೆ ತಡೆಯುವುದಿಲ್ಲ. ಬೇರಿಂಗ್‌ಗೆ ಕೂಲಂಟ್ ಹೋದರೆ ಮೆಷಿನ್ ಕಥೆ ಮುಗಿಯಿತು. ಜಾಬ್‌ಗೆ ಆರ್‌ಪಾರ್ ತೂತಿದ್ದರೆ ಕೂಲಂಟ್ ಸ್ಪಿಂಡಲ್ ಒಳಗಿಂದ ಹಿಂದಕ್ಕೆ ಹರಿಯುತ್ತದೆ. ಹಿಂದೆ ಅದನ್ನು ಹಿಡಿದು ಟ್ಯಾಂಕ್‌ಗೆ ಬಿಡುವ ವ್ಯವಸ್ಥೆ ಇದೆಯಾ ನೋಡಿ, ಇಲ್ಲದಿದ್ದರೆ ಚಕ್ ಒಳಗೆ ತಡೆ ಪ್ಲೇಟ್ ಹಾಕಿ.

ಹಂತ 11: ಚಾಲೂ ಮಾಡಿ, ಅಂಕಿ ಬರೆದಿಡಿ

ಮೊದಲು ನಾಝಲ್‌ಗಳನ್ನು ಬಿಚ್ಚಿ, ಹೊಸ ಪಂಪ್ ಸ್ವಲ್ಪ ಹೊತ್ತು ಓಡಿಸಿ. ಪೈಪ್‌ನಲ್ಲಿ ಉಳಿದ ಕೊಳೆ, ಟೆಫ್ಲಾನ್ ಟೇಪ್ ಚೂರು ಹೊರಗೆ ಬರಲಿ. ಆಮೇಲೆ ನಾಝಲ್ ಹಾಕಿ, ತಿರುಗುವ ದಿಕ್ಕು, ಮೂರು ಫೇಸ್‌ನ ಆಂಪಿಯರ್, ಗೇಜ್ ಮತ್ತು ನಾಝಲ್‌ನ ಹರಿವು ನೋಡಿ. ಪ್ರತಿ ಸ್ಟೇಷನ್ ಇಂಡೆಕ್ಸ್ ಮಾಡಿ ಗೇಜ್ ನೋಡಿ. ಒಂದೇ ಅಳತೆಯ ನಾಝಲ್ ಇದ್ದರೂ ಒಂದು ಸ್ಟೇಷನ್‌ನಲ್ಲಿ ಮಾತ್ರ ಒತ್ತಡ ಜಾಸ್ತಿ ತೋರಿಸಿದರೆ ಆ ದಾರಿ ಕಟ್ಟಿಕೊಂಡಿದೆ. ಕಡಿಮೆ ತೋರಿಸಿದರೆ ಅಲ್ಲಿ ಸೋರುತ್ತಿದೆ.

ಈ ಅಂಕಿಗಳನ್ನು ಪ್ಯಾನಲ್ ಬಾಗಿಲ ಒಳಗೆ ಅಂಟಿಸಿಡಿ, ಗೇಜ್ ಗಾಜಿನ ಮೇಲೆ ಮಾಮೂಲಿ ಒತ್ತಡಕ್ಕೆ ಮಾರ್ಕರ್‌ನಲ್ಲಿ ಗೆರೆ ಹಾಕಿ. ಶಿಫ್ಟ್ ಶುರುವಾದಾಗ ಆಪರೇಟರ್ ಅದೇ ಸ್ಟೇಷನ್‌ನಲ್ಲಿ ಮುಳ್ಳು ಎಲ್ಲಿದೆ ಅಂತ ನೋಡಲಿ. ಮುಳ್ಳು ಗೆರೆ ದಾಟಿ ಮೇಲೆ ಹೋಗಿದ್ದರೆ ನಾಝಲ್ ತಂತಿ ಹಾಕಿ ಬಿಡಿಸಲಿ. ಕೆಳಗೆ ಇಳಿದಿದ್ದರೆ ಮೊದಲು ಟ್ಯಾಂಕ್ ಮಟ್ಟ, ಆಮೇಲೆ ಜಾಲರಿ, ಆಮೇಲೆ ಟರೆಟ್ ಬುಶ್ ನೋಡಲಿ.